ಲೀಟರಿಗೆ ನಾಲ್ಕು ಗ್ರಾಂ ಹೆಚ್ಚು

ನಲವತ್ತು ಗ್ರಾಂ ಕಾಸ್ಟಿಕ್ ಸೋಡಾ ತೂಗಿ, ನೀರಿನಲ್ಲಿ ಕರಗಿಸಿ, ಒಂದು ಲೀಟರ್ ಮಾಡಬೇಕು. ಪುಸ್ತಕದಲ್ಲಿ ಹಾಗೇ ಇದೆ. ತಯಾರಿ ಕೋಣೆಯ ಗೋಡೆಯ ಮೇಲಿನ ಪಟ್ಟಿಯಲ್ಲೂ ಹಾಗೇ ಇದೆ, ಆ ಪಟ್ಟಿ ಬರೆದು ಅಂಟಿಸಿದವಳೂ ನಾನೇ. ಆದರೆ ಪರೀಕ್ಷೆಯ ಹಿಂದಿನ ದಿನ ನಾನು ತೂಗುತ್ತಿದ್ದದ್ದು ನಲವತ್ನಾಲ್ಕು ಗ್ರಾಂ. ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅದೇ ಪ್ರಮಾಣದಲ್ಲಿ ಜಾಸ್ತಿ ಅಳೆಯುತ್ತಿದ್ದೆ. ಕೈತಪ್ಪಿ ಆದದ್ದು ಎಂದು ಹೇಳಿದರೆ ಯಾರೂ ನಂಬಬೇಡಿ. ಹತ್ತೊಂಬತ್ತು ವರ್ಷ ಯಾರ ಕೈಯೂ ಒಂದೇ ಕಡೆಗೆ ತಪ್ಪುವುದಿಲ್ಲ.

ನಾನು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು, ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಮಕ್ಕಳು ಎದುರಿಗೆ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಆಸಿಡಕ್ಕ. ನನ್ನ ಕೋಟಿನ ಮೇಲಿನ ತೂತುಗಳನ್ನು ನೋಡಿ ಇಟ್ಟ ಹೆಸರೋ, ನನ್ನ ನಾಲಗೆಗೆ ಇಟ್ಟ ಹೆಸರೋ, ಕೇಳಲು ಹೋಗಿಲ್ಲ. ಪಿಪೆಟ್ಟಿನ ಕೊಳವೆಯಿಂದ ಆಮ್ಲವನ್ನು ಬಾಯಿಯಲ್ಲಿ ಎಳೆಯುವವರನ್ನು, ಬಾಟಲಿಯ ಬಿರಡೆ ಅದಲುಬದಲು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಡೆದ ಗಾಜನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳುವವರನ್ನು ಕಂಡರೆ ಇನ್ನೂ ಜಾಸ್ತಿ.

ಓದಿದ್ದು ಹತ್ತನೆಯ ತರಗತಿವರೆಗೆ. ಆದರೆ ತಯಾರಿ ಕೋಣೆಗೂ ಪಾಠದ ಕೋಣೆಗೂ ನಡುವೆ ಇರುವುದು ಒಂದು ಮರದ ಹಲಗೆ ಮಾತ್ರ. ಒಂದೇ ಪಾಠವನ್ನು ವರ್ಷಕ್ಕೊಮ್ಮೆಯಂತೆ ಇಪ್ಪತ್ತಾರು ಸಲ ಕೇಳಿದರೆ ಗೋಡೆಗೂ ಅರ್ಥವಾಗುತ್ತದೆ, ನನಗೆ ಆಗದಿರುತ್ತದೆಯೇ. ಎಂಥಾಲ್ಪಿ ಎಂಬ ಹೆಸರು ಕೇಳಿಯೇ ಮಕ್ಕಳು ಅರ್ಧ ಸೋತಿರುತ್ತಾರೆ. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಒಂದು ವಸ್ತು ಇನ್ನೊಂದರ ಜೊತೆ ಕೂಡಿ ಬೇರೆಯದಾಗುವಾಗ ಒಂದಿಷ್ಟು ಶಾಖವನ್ನು ಹೊರಗೆ ಬಿಡುತ್ತದೆ, ಇಲ್ಲವೇ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಎಂಬುದೇ ಎಂಥಾಲ್ಪಿ ಬದಲಾವಣೆ. ಬಿಟ್ಟರೆ ಮೈನಸ್, ಎಳೆದುಕೊಂಡರೆ ಪ್ಲಸ್. ಇಲ್ಲೇ ಅರ್ಧ ತರಗತಿ ಜಾರಿ ಬೀಳುತ್ತದೆ. ಲೋಟ ಬಿಸಿಯಾಯಿತು, ಉಷ್ಣತೆ ಏರಿತು, ಮೈನಸ್ ಹೇಗೆ ಎಂದು ಕೇಳುತ್ತಾರೆ. ಬಿಸಿಯಾದದ್ದು ನೀರು. ಶಾಖ ಕೊಟ್ಟದ್ದು ಕ್ರಿಯೆ. ಸಮೀಕರಣದ ಪಕ್ಕದಲ್ಲಿ ನಾವು ಬರೆಯುವುದು ಕೊಟ್ಟವರ ಕಡೆಯ ಅಂಕಿ, ಪಡೆದವರದಲ್ಲ.

ಇನ್ನು ಪ್ರಮಾಣಿತ ಎಂಬ ಮಾತು. ಇಪ್ಪತ್ತೈದು ಡಿಗ್ರಿ ಉಷ್ಣತೆ, ಒಂದು ಬಾರ್ ಒತ್ತಡ, ದ್ರಾವಣವಾದರೆ ಲೀಟರಿಗೆ ಒಂದು ಮೋಲ್, ಅಂದರೆ ಕಾಸ್ಟಿಕ್ ಸೋಡಾ ಆದರೆ ಆ ನಲವತ್ತು ಗ್ರಾಂ. ಎಲ್ಲರೂ ಒಂದೇ ಸ್ಥಿತಿಯಲ್ಲಿ ಅಳೆದರೆ ಒಬ್ಬರ ಅಂಕಿಯನ್ನು ಇನ್ನೊಬ್ಬರು, ಮುಖ ನೋಡದೆಯೇ, ನಂಬಬಹುದು. ಧಾತುಗಳು ಕೂಡಿ ಒಂದು ಮೋಲ್ ಸಂಯುಕ್ತವಾದರೆ ಅದು ರೂಪುಗೊಳ್ಳುವ ಎಂಥಾಲ್ಪಿ. ಒಂದು ಮೋಲ್ ಸುಟ್ಟರೆ ದಹನದ ಎಂಥಾಲ್ಪಿ. ಆಮ್ಲವೂ ಪ್ರತ್ಯಾಮ್ಲವೂ ಕೂಡಿ ಒಂದು ಮೋಲ್ ನೀರಾದರೆ ತಟಸ್ಥೀಕರಣದ ಎಂಥಾಲ್ಪಿ, ಮೈನಸ್ ಐವತ್ತೇಳು ಪಾಯಿಂಟ್ ಒಂದು ಕಿಲೋಜೌಲ್. ನಮ್ಮ ಲ್ಯಾಬಿನ ಪರೀಕ್ಷೆಗೆ ಪ್ರತಿ ವರ್ಷ ಬರುವುದು ಇದೇ ಕೊನೆಯದು.

ಪ್ರಯೋಗ ಕಷ್ಟದ್ದಲ್ಲ. ಥರ್ಮೋಕೋಲ್ ಲೋಟಕ್ಕೆ ಐವತ್ತು ಮಿಲಿಲೀಟರ್ ಆಮ್ಲ, ಅದರ ಮೇಲೆ ಐವತ್ತು ಮಿಲಿಲೀಟರ್ ಸೋಡಾ ದ್ರಾವಣ. ಥರ್ಮಾಮೀಟರ್ ಎಷ್ಟು ಏರಿತು ನೋಡಬೇಕು. ಡಿಗ್ರಿಗೆ ನಾನೂರ ಹದಿನೆಂಟು ಜೌಲಿನಂತೆ ಗುಣಿಸಿ, ಆದ ನೀರಿನ ಮೋಲಿನಿಂದ ಭಾಗಿಸಿದರೆ ಮುಗಿಯಿತು. ತೊಡಕು ಎಲ್ಲಿ ಎಂದರೆ ಲೋಟದಲ್ಲಿ. ಎಷ್ಟೇ ಒಳ್ಳೆಯ ಲೋಟವಾದರೂ ಶಾಖ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಪ್ರಾಮಾಣಿಕವಾಗಿ ಅಳೆದವರಿಗೆ ಐವತ್ತೆರಡರ ಆಸುಪಾಸು ಬರುತ್ತದೆ. ನನ್ನ ನಾಲ್ಕು ಗ್ರಾಂ ಹೋಗುತ್ತಿದ್ದದ್ದು ಆ ಕೊರತೆಯನ್ನು ತುಂಬುವುದಕ್ಕೆ.

ಶುರುವಾದದ್ದು ಸಿಟ್ಟಿನಿಂದ. ಹತ್ತೊಂಬತ್ತು ವರ್ಷದ ಹಿಂದೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಉತ್ತರ ಐವತ್ತೇಳಕ್ಕಿಂತ ಎರಡು ಕಡಿಮೆಯಾದರೂ ಅಂಕ ಕತ್ತರಿಸಿದರು. ಆಗ ನಮ್ಮಲ್ಲಿ ಇದ್ದದ್ದು ಗಾಜಿನ ಬೀಕರುಗಳು. ಗಾಜು ತಾನೇ ಅಷ್ಟು ಶಾಖ ಕುಡಿದುಬಿಡುತ್ತದೆ. ಇಡೀ ತಂಡಕ್ಕೆ ಐವತ್ತು, ಐವತ್ತೊಂದು ಬಂತು. ಆಗಿನ ವಿಭಾಗದ ಮುಖ್ಯಸ್ಥರು ಎಲ್ಲರ ಎದುರಿಗೆ ನನ್ನ ಕಡೆ ತಿರುಗಿ, ನಿಮ್ಮ ದ್ರಾವಣವೇ ತೆಳು, ಅದಕ್ಕೇ ಹೀಗಾಗಿದೆ ಎಂದರು. ನನ್ನ ದ್ರಾವಣದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎಂದು ನುಂಗಿಕೊಂಡೆ. ಮುಂದಿನ ವರ್ಷ, ತೆಳು ಅಂದಿರಲ್ಲ, ತಗೊಳ್ಳಿ ಎಂದು ಆರು ಗ್ರಾಂ ಜಾಸ್ತಿ ಸುರಿದೆ. ಎಲ್ಲರಿಗೂ ಐವತ್ತೇಳು ಬಂತು. ಅದೇ ಮುಖ್ಯಸ್ಥರು, ಈ ವರ್ಷ ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು ಬೆನ್ನು ತಟ್ಟುವುದೊಂದೇ ಬಾಕಿ. ಆಮೇಲೆ ಥರ್ಮೋಕೋಲ್ ಲೋಟಗಳು ಬಂದವು, ನಾನು ಆರನ್ನು ನಾಲ್ಕಕ್ಕೆ ಇಳಿಸಿದೆ.

ಸಿಟ್ಟು ಒಂದೆರಡು ವರ್ಷದಲ್ಲಿ ಆರಿಹೋಯಿತು, ನಾಲ್ಕು ಗ್ರಾಂ ಮಾತ್ರ ಉಳಿಯಿತು. ಯಾಕೆಂದರೆ ಹೊಗಳಿಕೆಯ ರುಚಿ ಹತ್ತಿತ್ತು. ಬೇರೆ ಕಾಲೇಜುಗಳಲ್ಲಿ ಬಾರದ ಉತ್ತರ ನಮ್ಮಲ್ಲಿ ಬರುತ್ತದೆ, ಅದು ಅಕ್ಕನ ಕೈಗುಣ ಎಂಬ ಮಾತು ಹಬ್ಬಿತು. ಮಕ್ಕಳಿಗೆ ಅಂಕ ಸಿಗುತ್ತದೆ, ಯಾರ ಗಂಟೂ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗಿನ ಮುಖ್ಯಸ್ಥರಾದ ಮೇಡಂ ಅಂತೂ ಯಾವ ಅತಿಥಿ ಬಂದರೂ ನನ್ನನ್ನು ಕರೆದು ತೋರಿಸುತ್ತಿದ್ದರು. ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಒಬ್ಬಳಿದ್ದಳು. ಬಾಯಿ ತೆರೆದರೆ ಯಾಕೆ ಎಂಬ ಮಾತೇ ಹೊರಗೆ ಬೀಳುತ್ತಿದ್ದುದರಿಂದ ನಾನು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದೆ. ತಂದೆತಾಯಿ ಇಲ್ಲ, ಸಾಕಿದವಳು ಚಿಕ್ಕಮ್ಮ, ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ಔಷಧ ತಯಾರಿಕೆಯ ಕೋರ್ಸಿಗೆ ಸೇರಬೇಕೆಂಬುದು ಹುಡುಗಿಯ ಆಸೆ. ಈ ವರ್ಷ ಎಲ್ಲ ವಿಷಯದಲ್ಲೂ ಪಾಸಾಗಿ ಸೀಟು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಹೊಲಿಗೆ ಯಂತ್ರದ ಮುಂದೆ ಬಂದು ಕೂರಬೇಕು ಎಂದು ಚಿಕ್ಕಮ್ಮ ಮೊದಲೇ ಹೇಳಿಟ್ಟಿದ್ದಳಂತೆ. ಹಟಕ್ಕೆ ಹೇಳಿದ ಮಾತಲ್ಲ, ಎರಡು ವರ್ಷದಿಂದ ಚಿಕ್ಕಮ್ಮನ ಕಣ್ಣು ಮಂಜಾಗುತ್ತಿತ್ತು.

ಪರೀಕ್ಷೆಗೆ ಒಂದು ವಾರ ಇರುವಾಗ ಯಾಕಮ್ಮ ತಯಾರಿ ಕೋಣೆಗೆ ಬಂದಳು. ಆಮ್ಲ ಯಾವುದಾದರೂ, ಪ್ರತ್ಯಾಮ್ಲ ಯಾವುದಾದರೂ, ಎರಡೂ ಪ್ರಬಲವಾಗಿದ್ದರೆ ಸಾಕು, ಉತ್ತರ ಅದೇ ಐವತ್ತೇಳು ಯಾಕೆ ಎಂದು ಕೇಳಿದಳು. ಮದುವೆ ಯಾವ ಮನೆಯದಾದರೂ ಹಾರ ಬದಲಾಯಿಸುವವರು ಇಬ್ಬರೇ ಎಂದೆ. ಆಮ್ಲದಿಂದ ಬಂದ ಹೈಡ್ರೋಜನ್ ಅಯಾನು, ಸೋಡಾದಿಂದ ಬಂದ ಹೈಡ್ರಾಕ್ಸೈಡ್ ಅಯಾನು, ಇಬ್ಬರೂ ಕೂಡಿ ನೀರಾಗುತ್ತಾರೆ. ಸೋಡಿಯಂ, ಕ್ಲೋರೈಡ್ ಎಲ್ಲ ನೆಂಟರು, ಬಂದ ಹಾಗೇ ನಿಂತು ನೋಡುತ್ತಾರೆ. ಅವರಿಂದ ಶಾಖ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅವಳಿಗೆ ಅದು ಬಹಳ ಹಿಡಿಸಿತು, ನಕ್ಕಳು. ಅಷ್ಟಕ್ಕೇ ಹೋಗಿದ್ದರೆ ಚೆನ್ನಾಗಿತ್ತು.

"ಅಕ್ಕ, ಲೋಟದ ಬಾಯಿ ತೆರೆದಿರುತ್ತೆ, ಶಾಖ ಹೋಗೇ ಹೋಗುತ್ತೆ. ಹಾಗಿದ್ರೆ ನಮಗೆಲ್ಲ ಐವತ್ತೇಳಕ್ಕಿಂತ ಕಮ್ಮಿ ತಾನೇ ಬರ್ಬೇಕು? ಪ್ರತಿ ವರ್ಷ ಪರೀಕ್ಷೇಲಿ ಎಲ್ಲರಿಗೂ ಸರಿಯಾಗಿ ಐವತ್ತೇಳೇ ಹೇಗೆ ಬರುತ್ತೆ?"

ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಪಾಠ ಹೇಳುವವರೂ ಕೇಳಿರಲಿಲ್ಲ. ಅದೆಲ್ಲ ಕೈಗುಣ ಕಣೇ, ಹೋಗು, ಬಸ್ಸು ತಪ್ಪುತ್ತೆ ಎಂದು ಗದರಿ ಕಳಿಸಿದೆ. ಅವಳು ನೆಟ್ಟಗೆ ಮೇಡಂ ಹತ್ತಿರ ಹೋದಳು. ಹೊರಗೆ ಹೋದ ಶಾಖವನ್ನೂ ಲೆಕ್ಕಕ್ಕೆ ತರುವ ದಾರಿ ಇದೆ ಎಂದು ಮೇಡಂ ಹೇಳಿದರಂತೆ. ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ಗ್ರಾಫ್ ಹಾಕಬೇಕು. ಲೋಟ ತಣ್ಣಗಾಗುತ್ತಾ ಬರುವ ಗೆರೆಯನ್ನು, ಎರಡೂ ದ್ರಾವಣ ಸೇರಿಸಿದ ಕ್ಷಣದವರೆಗೆ ಹಿಂದಕ್ಕೆ ಎಳೆದರೆ, ಶಾಖ ಏನೂ ಕಳೆದುಹೋಗದಿದ್ದರೆ ಎಷ್ಟು ಏರುತ್ತಿತ್ತು ಎಂಬುದು ತಿಳಿಯುತ್ತದೆ. ಆದರೆ ಇದು ಪರೀಕ್ಷೆಗೆ ಬೇಕಿಲ್ಲ ಎಂದೂ ಹೇಳಿದ್ದರು. ಬೇಕಿಲ್ಲ ಎಂದದ್ದನ್ನೇ ಹಿಡಿದುಕೊಳ್ಳುವುದು ಆ ಹುಡುಗಿಯ ಜಾಯಮಾನ.

ಪರೀಕ್ಷೆಯ ದಿನ ಬೆಳಗ್ಗೆ ಇಪ್ಪತ್ತು ಮಕ್ಕಳ ತಂಡ. ಹೊರಗಿನ ಪರೀಕ್ಷಕರು ಬಡಕಲು ಮನುಷ್ಯ, ಮೆಲುಮಾತು, ಕಿವಿಯ ಹಿಂದೆ ಬಡಗಿಯಂತೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ನಾನು ಎಲ್ಲರ ಮುಂದೆ ಎರಡೆರಡು ಬಾಟಲಿ ಇಟ್ಟು ಬಂದೆ. ಯಾಕಮ್ಮ ಒಂದು ಲೋಟದೊಳಗೆ ಇನ್ನೊಂದು ಲೋಟ ಇಟ್ಟು, ಅದನ್ನು ಬೀಕರಿನಲ್ಲಿ ಕೂರಿಸಿ, ಸುತ್ತ ಚಿಕ್ಕಮ್ಮನ ಅಂಗಡಿಯಿಂದ ತಂದ ಹತ್ತಿ ತುರುಕಿದಳು. ಮೇಲೆ ರಟ್ಟಿನ ಮುಚ್ಚಳ, ಅದರಲ್ಲಿ ಥರ್ಮಾಮೀಟರಿಗೆ ಮಾತ್ರ ಒಂದು ತೂತು. ಶಾಖ ಹೊರಗೆ ಹೋಗದಿದ್ದರೆ ನನ್ನ ನಾಲ್ಕು ಗ್ರಾಂ ಎಲ್ಲಿ ಅಡಗಬೇಕು?

ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸಿದರು. ಇವಳು ಗಡಿಯಾರ ನೋಡುತ್ತಾ, ಬರೆಯುತ್ತಾ, ಗ್ರಾಫ್ ಎಳೆಯುತ್ತಾ ಕೂತಳು. ಏಳೂವರೆ ಡಿಗ್ರಿ ಏರಿಕೆ. ಲೆಕ್ಕ ಹಾಕಿದರೆ ಮೈನಸ್ ಅರವತ್ತೆರಡು ಪಾಯಿಂಟ್ ಏಳು. ಪಕ್ಕದವಳು ಮೊಣಕೈಯಿಂದ ತಿವಿದು, ಐವತ್ತೇಳು ಅಂತ ಬರಿಯೇ ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಇವಳು ಲೋಟ ತೊಳೆದು, ಬಾಟಲಿಯಲ್ಲಿ ಉಳಿದದ್ದನ್ನು ಅಳೆದುಕೊಂಡು ಇನ್ನೊಮ್ಮೆ ಮಾಡಿದಳು. ಮತ್ತೆ ಅರವತ್ತೆರಡು ಪಾಯಿಂಟ್ ಏಳು. ಅದನ್ನೇ ಬರೆದು ಕೊಟ್ಟಳು.

ಪರೀಕ್ಷಕರು ಹಾಳೆಗಳನ್ನು ತಿರುವುತ್ತಾ ಬಂದವರು ಅವಳದರ ಮೇಲೆ ನಿಂತರು. ಉಳಿದ ಹತ್ತೊಂಬತ್ತನ್ನು ಪಕ್ಕದಲ್ಲಿ ಹರಡಿಕೊಂಡು ನೋಡಿದರು. ಐವತ್ತಾರೂವರೆಯಿಂದ ಐವತ್ತೇಳೂವರೆಯ ಒಳಗೆ ಎಲ್ಲವೂ ಇದ್ದವು. ಅವಳನ್ನು ಕರೆದರು.

"ಕಮ್ಮಿ ಬಂದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ಶಾಖ ಕಳೆದುಹೋಗ್ಬಹುದು, ಎಲ್ಲಿಂದಲೋ ಬಂದು ಸೇರ್ಕೊಳ್ಳಲ್ಲ. ಇದು ನೀನು ಅಳೆದ ಅಂಕಿ ಅಲ್ಲಮ್ಮ, ಕೂತು ಬರೆದ ಅಂಕಿ."

"ಅಳೆದಿದ್ದೀನಿ ಸಾರ್, ಎರಡು ಸಲ. ದ್ರಾವಣ ಒಂದ್ಸಲ ನೋಡಿ ಸಾರ್."

ಆಗ ಮೇಡಂ ನಡುವೆ ಬಂದರು. ಹುಡುಗಿಯ ಮೇಲೆ ಅವರಿಗೆ ಪ್ರೀತಿಯೇ ಇತ್ತು, ಆದರೆ ನನ್ನ ಮೇಲಿನ ನಂಬಿಕೆ ಅದಕ್ಕಿಂತ ಹಳೆಯದು.

"ಅದೊಂದು ಬೇಡ. ದ್ರಾವಣ ಮಾಡಿರೋದು ನಮ್ಮ ಅಕ್ಕ. ಪುಸ್ತಕ ತಪ್ಪಾಗ್ಬಹುದು, ಅವರ ಅಳತೆ ತಪ್ಪಾಗಲ್ಲ."

ಇಪ್ಪತ್ತಾರು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಆಡದಷ್ಟು ದೊಡ್ಡ ಮಾತು ಅದು. ನಾನು ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದೆ. ಯಾಕಮ್ಮ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ, ಅಕ್ಕನಾದರೂ ಏನಾದರೂ ಹೇಳಲಿ ಎಂಬಂತೆ. ನಾನು ಟ್ರೇಯ ಮೇಲಿನ ಲೋಟಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದೆ. ಆ ಗಳಿಗೆ ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಊಟವಾದ ಮೇಲೆ ವರದಿ ಬರೆಯುತ್ತೇನೆ ಎಂದು ಪರೀಕ್ಷಕರು ಹೇಳಿದರು. ಕಲ್ಪಿತ ಅಂಕಿ ಎಂದು ಅವರು ಬರೆದರೆ ಅವಳ ಪ್ರಾಯೋಗಿಕ ಪರೀಕ್ಷೆ ರದ್ದು, ಒಂದು ವರ್ಷ ಹೋದಂತೆ. ಅಂದರೆ ಸೀಟೂ ಇಲ್ಲ, ಹೊಲಿಗೆ ಯಂತ್ರವೇ ಗತಿ. ನಾಲ್ಕು ಗಂಟೆಗೆ ಲಕೋಟೆಗೆ ಅರಗು ಹಾಕಿ ಅವರು ಹೊರಟುಬಿಡುತ್ತಾರೆ.

ಪರೀಕ್ಷೆ ಮುಗಿಯುತ್ತಲೇ ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲಿ ಬಾಟಲಿ ತೊಳೆಯುವುದು ನನ್ನ ಪದ್ಧತಿ. ಯಾರಿಗೂ ಅದರಲ್ಲಿ ಹೊಸದು ಕಾಣುವುದಿಲ್ಲ, ಅಚ್ಚುಕಟ್ಟಿನ ಹೆಂಗಸು ಎನ್ನುತ್ತಾರೆ. ಆ ದಿನವೂ ದೊಡ್ಡ ಬಾಟಲಿಗಳೆರಡನ್ನೂ ಸಿಂಕಿನ ಕಟ್ಟೆಯ ಮೇಲೆ ಇಟ್ಟು ನಲ್ಲಿ ತಿರುಗಿಸಿದೆ. ಒಂದೊಂದರಲ್ಲೂ ಕಾಲು ಭಾಗ ಉಳಿದಿತ್ತು. ಚೆಲ್ಲಿದರೆ ಮುಗಿಯಿತು, ಮೇಡಂ ಮಾತೇ ಕೊನೆಯ ಮಾತು. ಹೇಳಿದರೆ ಏನೇನು ಎಂದು ಯೋಚಿಸಿದೆ. ಪರೀಕ್ಷೆಯಲ್ಲಿ ಕೈ ಆಡಿಸಿದವಳು ಎಂಬ ಹೆಸರು, ನಾಲ್ಕು ತಿಂಗಳು ಇರುವಾಗ ವಿಚಾರಣೆ, ಮೇಡಂ ಮುಖ. ನಿಜ ಹೇಳಬೇಕೆಂದರೆ ವಿಚಾರಣೆಗಿಂತ ಮೇಡಂ ಮುಖಕ್ಕೇ ಹೆಚ್ಚು ಹೆದರಿದೆ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಯಾಕಮ್ಮ ಒಬ್ಬಳೇ ಕೂತಿದ್ದಳು. ಅಳುತ್ತಿದ್ದಳು ಎಂದುಕೊಂಡೆ. ಬಗ್ಗಿ ನೋಡಿದರೆ ಮಡಿಲಲ್ಲಿ ಹಾಳೆ ಇಟ್ಟುಕೊಂಡು ಅದೇ ಗುಣಾಕಾರವನ್ನು ಮತ್ತೆ ಮಾಡುತ್ತಿದ್ದಳು. ತಪ್ಪು ತನ್ನದೇ ಇರಬೇಕು ಎಂದು ಹುಡುಕುತ್ತಿದ್ದಳು. ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಮನೆಯವರು ದಿನಾ ಫೋನ್ ಮಾಡುತ್ತಾರೆ. ಲಿಫ್ಟ್ ರಿಪೇರಿ ಮಾಡುತ್ತಿದ್ದವರು, ಈಗ ಮನೆಯಲ್ಲೇ ಇದ್ದಾರೆ, ನಾನು ಡಬ್ಬಿ ಬಿಚ್ಚಿದೆನೋ ಇಲ್ಲವೋ ಎಂಬುದೇ ಅವರ ದಿನದ ದೊಡ್ಡ ವಿಚಾರ. ನಲ್ಲಿ ನಿಲ್ಲಿಸಿ, ಸಿಂಕಿನ ಮುಂದೆ ನಿಂತೇ ಎಲ್ಲವನ್ನೂ ಹೇಳಿದೆ. ಹತ್ತೊಂಬತ್ತು ವರ್ಷದ ವಿಷಯವನ್ನು ಅವರಿಗೂ ಹೇಳಿದ್ದು ಅದೇ ಮೊದಲು.

"ಬಾಟಲಿ ಚೆಲ್ಲಿದ್ಯಾ?"

"ಇನ್ನೂ ಇಲ್ಲ."

"ಹಾಗಿದ್ರೆ ನನ್ನನ್ನೇನು ಕೇಳ್ತೀಯ. ಊಟ ಆಮೇಲೆ ಮಾಡು."

ಎರಡು ಬಾಟಲಿಗಳನ್ನೂ ಎದೆಗೆ ಒತ್ತಿ ಹಿಡಿದು ಸ್ಟಾಫ್ ಕೋಣೆಗೆ ಹೋದೆ. ಪರೀಕ್ಷಕರೂ ಮೇಡಮೂ ಎದುರುಬದುರು ಕೂತು ಊಟ ಮುಗಿಸುತ್ತಿದ್ದರು. ಮೇಜಿನ ಮೇಲೆ ಬಾಟಲಿ ಇಟ್ಟೆ.

"ಇದು ಒಂದು ಮೋಲ್ ದ್ರಾವಣ ಅಲ್ಲ ಮೇಡಂ. ಒಂದು ಪಾಯಿಂಟ್ ಒಂದು. ನಾನೇ ಬೇಕು ಅಂತ ಮಾಡಿದ್ದು. ಲೋಟದಿಂದ ಹೋಗೋ ಶಾಖಕ್ಕೆ ಸರಿಯಾಗಲಿ ಅಂತ ಪ್ರತಿ ವರ್ಷ ಹೀಗೇ ಮಾಡ್ತಿದ್ದೆ. ಆ ಹುಡುಗಿ ಶಾಖ ಹೋಗೋಕೇ ಬಿಡ್ಲಿಲ್ಲ, ಅದಕ್ಕೇ ಅವಳಿಗೆ ಇದ್ದದ್ದು ಇದ್ದ ಹಾಗೆ ಬಂತು."

ಮೇಡಂ ನಕ್ಕರು, ಹುಡುಗಿಯನ್ನು ಉಳಿಸಲು ನಾನು ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡು. ಪರೀಕ್ಷಕರು ನಗಲಿಲ್ಲ. ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, ನೋಡಿಯೇ ಬಿಡೋಣ ಎಂದರು. ತಾವೇ ಆಕ್ಸಾಲಿಕ್ ಆಮ್ಲ ತೂಗಿ, ತಾವೇ ನೀರಿನಲ್ಲಿ ಕರಗಿಸಿ, ಸರಿಯಾದ ಬಲದ ದ್ರಾವಣ ಮಾಡಿಕೊಂಡರು. ನನ್ನನ್ನು ತಕ್ಕಡಿಯ ಹತ್ತಿರ ಬಿಡಲಿಲ್ಲ. ಅದು ಸರಿಯೇ, ಆದರೂ ಚುಚ್ಚಿತು. ಯಾಕಮ್ಮನನ್ನು ಕರೆಸಿ, ಟೈಟ್ರೇಶನ್ ನೀನೇ ಮಾಡು ಎಂದರು.

ಫ್ಲಾಸ್ಕಿನಲ್ಲಿ ನನ್ನ ಸೋಡಾ ದ್ರಾವಣ ಹತ್ತು ಮಿಲಿಲೀಟರ್, ಎರಡು ಹನಿ ಫಿನಾಲ್ಫ್ತಲೀನ್ ಬಿದ್ದು ಗುಲಾಬಿ ಬಣ್ಣವಾಗಿತ್ತು. ಬ್ಯೂರೆಟ್ಟಿನಿಂದ ಆಮ್ಲ ಹನಿಯುತ್ತಾ ಹೋಯಿತು. ದ್ರಾವಣ ಸರಿಯಾಗಿದ್ದರೆ ಹತ್ತಕ್ಕೆ ಹತ್ತು ಹಿಡಿಯಬೇಕು, ಅಲ್ಲಿಗೆ ಬಣ್ಣ ಹೋಗಬೇಕು. ಹತ್ತು ದಾಟಿತು, ಗುಲಾಬಿ ಹಾಗೇ ಇತ್ತು. ಮೇಡಂ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಹನ್ನೊಂದಕ್ಕೆ ಬಣ್ಣ ಹೋಯಿತು. ಎರಡನೆಯ ಸಲವೂ ಹನ್ನೊಂದು.

ಪರೀಕ್ಷಕರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅವಳ ಹಾಳೆಯ ಮೇಲೆಯೇ ಲೆಕ್ಕ ಮಾಡಿದರು. ಆದ ನೀರು ಮೋಲಿನ ನೂರರಲ್ಲಿ ಐದು ಭಾಗ ಅಲ್ಲ, ಐದೂವರೆ. ಅದರಿಂದ ಭಾಗಿಸಿದರೆ ಮೈನಸ್ ಐವತ್ತೇಳು. ಹಾಗೇ ಉಳಿದ ಹತ್ತೊಂಬತ್ತು ಹಾಳೆಗಳನ್ನು ತೆಗೆದುಕೊಂಡರು. ಐವತ್ತೇಳು ಎಂದು ಬರೆದಿದ್ದವೆಲ್ಲ ಐವತ್ತೆರಡಕ್ಕೆ ಇಳಿದವು. ಆ ಕೋಣೆಯಲ್ಲಿ ಸರಿಯಾಗಿ ಅಳೆದವಳು ಅವಳೊಬ್ಬಳೇ ಎಂದು ಅವರು ಮೆಲ್ಲಗೆ ಹೇಳಿ, ಅವಳ ಕ್ಷಮೆ ಕೇಳಿದರು. ಉಳಿದವರು ಕ್ರಮ ತಪ್ಪಿಲ್ಲ, ಅವರ ಅಂಕ ಕತ್ತರಿಸುವುದಿಲ್ಲ ಎಂದೂ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು.

ನಡೆದದ್ದನ್ನು ಬರೆದು ಕೊಡಿ ಎಂದು ಮೇಡಂ ಹೇಳಿದರು. ಅಕ್ಕ ಎನ್ನಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು ತಯಾರಿ ಕೋಣೆಯಲ್ಲಿ ಕೂತು ಬರೆದೆ: ಯಾವ ವರ್ಷದಿಂದ, ಎಷ್ಟು ಗ್ರಾಂ, ಯಾಕೆ. ಯಾಕೆ ಎಂಬುದಕ್ಕೆ ಮಕ್ಕಳ ಒಳ್ಳೆಯದಕ್ಕೆ ಎಂದು ಬರೆದು, ಹೊಡೆದುಹಾಕಿ, ಮೊದಲು ಸಿಟ್ಟಿನಿಂದ, ಆಮೇಲೆ ಹೊಗಳಿಕೆಗಾಗಿ ಎಂದು ಬರೆದೆ. ಮೇಡಂ ಅದನ್ನು ಓದಿ, ಪ್ರಾಂಶುಪಾಲರಿಗೆ ನಾಳೆ ಕೊಡುತ್ತೇನೆ ಎಂದು ಡ್ರಾಯರಿನಲ್ಲಿ ಇಟ್ಟುಕೊಂಡರು. ನಾಳೆಯ ತಂಡಕ್ಕೆ ದ್ರಾವಣ ಯಾರು ಮಾಡುವುದು ಎಂದು ಕೇಳಿದೆ. ನೀವೇ ಮಾಡಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದರು. ಆ ಮಾತನ್ನು ಅವರು ಕೋಪದಲ್ಲಿ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು, ಬಹಳ ಸುಸ್ತಾದವರಂತೆ ಹೇಳಿದರು.

ನಾಲ್ಕು ಗಂಟೆಗೆ ಪರೀಕ್ಷಕರು ಹೊರಟುಹೋದರು. ನಾನು ಲ್ಯಾಬಿನ ಬೆಂಚು ಒರೆಸುತ್ತಿದ್ದಾಗ ಯಾಕಮ್ಮ ಬಂದಳು. ಹತ್ತಿಯನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ. ನನ್ನಿಂದಲೇ ಸಿಕ್ಕಿಹಾಕಿಕೊಂಡವಳಿಂದ ಥ್ಯಾಂಕ್ಸ್ ಬಯಸಿದೆ ನೋಡಿ, ನನ್ನ ಬುದ್ಧಿ ಅಷ್ಟರದ್ದು.

"ಅಕ್ಕ, ಹತ್ತೊಂಬತ್ತು ವರ್ಷದಲ್ಲಿ ನನ್ನ ಹಾಗೆ ಇನ್ನೂ ಯಾರಿಗಾದ್ರೂ ಜಾಸ್ತಿ ಬಂದಿರ್ಬೇಕಲ್ವಾ. ಅವರೆಲ್ಲ ಏನು ಮಾಡಿರ್ತಾರೆ?"

ಸಿಟ್ಟಿನ ಕೇಳಿಕೆಯಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು. ಎಚ್ಚರಿಕೆಯವರು ಪ್ರತಿ ತಂಡದಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಲೋಟವನ್ನು ಕರವಸ್ತ್ರದಿಂದ ಸುತ್ತುವವರು, ಅಂಗೈಯಿಂದ ಬಾಯಿ ಮುಚ್ಚುವವರು, ಅವರನ್ನು ನಾನೇ ಕಂಡಿದ್ದೇನೆ. ಪ್ರತಿ ವರ್ಷ ಈ ಪರೀಕ್ಷೆ ಮುಗಿದ ಮೇಲೆ ಬೆಂಚಿನ ಮೇಲಿಂದ ರಬ್ಬರಿನ ಪುಡಿ ಒರೆಸಿ ತೆಗೆದವಳೂ ನಾನೇ. ಮಕ್ಕಳು ಕೂಡುವಾಗ ಕಳೆಯುವಾಗ ತಪ್ಪಿರಬೇಕು ಎಂದುಕೊಂಡು ಒರೆಸಿದ್ದೆ.

"ಅ‌ಳಿಸಿರ್ತಾರೆ ಮರಿ. ಅಳಿಸಿ ಐವತ್ತೇಳು ಅಂತ ಬರೆದಿರ್ತಾರೆ."

"ತಾವೇ ತಪ್ಪು ಅಂದ್ಕೊಂಡು," ಎಂದಳು.

ಹೌದು ಎಂದೆ. ಅವಳು ಬಸ್ಸಿಗೆ ಹೋದಳು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಕೆಲಸ ಹೋಗುವ ಭಯಕ್ಕೆ ಬಾರದ ಅಳು ಅದಕ್ಕೆ ಬಂತು.

ಆಮೇಲೆ ಮುಖ ತೊಳೆದು ಮೇಡಂ ಕೋಣೆಗೆ ಹೋಗಿ, ನಾನು ಬರೆದ ಹಾಳೆ ವಾಪಸು ಬೇಕು ಎಂದೆ. ಅವರು ನನ್ನ ಕೆಂಪಾದ ಕಣ್ಣು ನೋಡಿ, ಡ್ರಾಯರ್ ಎಳೆದು ಹಾಳೆ ಕೊಟ್ಟರು. ಹರಿದುಹಾಕುವುದಾದರೆ ನಾನು ನೋಡಿಲ್ಲ ಎಂದುಕೊಳ್ಳುತ್ತೇನೆ ಎಂದೂ ಹೇಳಿದರು. ಇಲ್ಲ ಮೇಡಂ, ಒಂದು ಸಾಲು ಬಿಟ್ಟುಹೋಗಿದೆ ಎಂದೆ. ಅಲ್ಲೇ ಅವರ ಮೇಜಿನ ಅಂಚಿನಲ್ಲಿ ಬಗ್ಗಿ ನಿಂತು, ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ ಬರೆದೆ: ಈ ಹತ್ತೊಂಬತ್ತು ವರ್ಷಗಳಲ್ಲಿ ಸರಿಯಾಗಿ ಅಳೆದ ಮಕ್ಕಳು ನನ್ನಿಂದಾಗಿ ತಮ್ಮ ಅಂಕಿಯನ್ನು ಅಳಿಸಿದ್ದಾರೆ, ಅವರು ಎಷ್ಟು ಜನ, ಯಾರು ಯಾರು ಎಂಬುದು ನನಗೆ ಗೊತ್ತಿಲ್ಲ.